ಮೂರು ಮಾತ್ರೆಗಳ ರಂಜಾನ್

ಹೋದ ತಿಂಗಳು ಮದುವೆಗೆಂದು ಶಿಡ್ಲಘಟ್ಟಕ್ಕೆ ಹೋದಾಗ ನಮ್ಮ ಹಳೆಯ ಗಲ್ಲಿಯ ತಿರುವಿನಲ್ಲಿ ಬೇಯಿಸಿದ ಹುಳುವಿನ ವಾಸನೆ ಕಾರಿನೊಳಗೆ ನುಗ್ಗಿತು. ನೀವು ಮೊಮ್ಮಕ್ಕಳೆಲ್ಲ ಮೂಗು ಮುಚ್ಚಿಕೊಂಡಿರಿ. "ದಾದಿ, ಇಲ್ಲಿ ಹೇಗಿದ್ರಿ ನೀವು?" ಎಂದು ಚಿಕ್ಕವಳು ಕೇಳಿದಳು. ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ ಎಂದಿದ್ದರೆ ನೀವು ನಗುತ್ತಿದ್ದಿರಿ. ರೇಷ್ಮೆಗೂಡು ಬೇಯುವ ನೀರು, ನೂಲು ಬಿಚ್ಚಿದ ಮೇಲೆ ಉಳಿಯುವ ಹುಳು, ಒಲೆಗೆ ಸುರಿದ ಭತ್ತದ ಹೊಟ್ಟಿನ ಹೊಗೆ ಎಲ್ಲ ಸೇರಿದ ಆ ವಾಸನೆಯಲ್ಲೇ ನಾನು ನಿಮ್ಮ ಅಪ್ಪಂದಿರನ್ನು ಬೆಳೆಸಿದ್ದು.

ಅದೇ ಮದುವೆಮನೆಯಲ್ಲಿ, ಊಟದ ಸಾಲಿನಲ್ಲಿ, ನನ್ನ ದೊಡ್ಡ ಮಗ ಪಕ್ಕದವರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ಬಿಪಿ ಮಾತ್ರೆ ನಿಲ್ಲಿಸಿಬಿಟ್ಟೆ. ಕಿಡ್ನಿ ತಿಂದುಹಾಕ್ತಾವಂತೆ." ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಮುರುಗಮಲ್ಲದ ಹತ್ತಿರದ ನಮ್ಮ ಹಳ್ಳಿಯಲ್ಲಿ ಇದ್ದದ್ದು ಕನ್ನಡ ಶಾಲೆಯೊಂದೇ. ಅಲ್ಲಿ ಓದಿದ್ದು ಸ್ವಲ್ಪವೇ ಆದರೂ ಬರೆಯುವುದನ್ನು ನಾನು ಮರೆತಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಿಗೂ ಉರ್ದು ಓದಲು ಬಾರದು, ನನಗೂ ಬರೆಯಲು ಬಾರದು. ಹಾಗಾಗಿ ಮನೆಯಲ್ಲಿ ಉರ್ದು ಆಡಿದವರೆಲ್ಲ ಇಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ. ನಿಮ್ಮ ದಾದಾನ, ಅಂದರೆ ನನ್ನ ಗಂಡನ, ಅಣ್ಣ ಇಷ್ಟು ಚೆನ್ನಾಗಿ ಕನ್ನಡ ಆಡುತ್ತಿದ್ದರೇ ಎಂದು ಕೇಳಬೇಡಿ.

ಇದು ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ನಿಮ್ಮ ದಾದಾ ಆಗ ರೀಲರ್. ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಲವು ಬೇಸಿನ್ ಹಾಕಿಸಿದ್ದರು. ಬೆಳಿಗ್ಗೆ ಮಾರುಕಟ್ಟೆಯಿಂದ ಗೂಡು ತಂದು, ಬಿಸಿನೀರಿಗೆ ಹಾಕಿ, ಎಳೆ ಹುಡುಕಿ, ನೂಲು ಬಿಚ್ಚುವುದು. ಕೆಲಸದವರಿದ್ದರೂ ತಾವೂ ಒಂದು ಬೇಸಿನ್ ಮುಂದೆ ಕೂರುತ್ತಿದ್ದರು. ಹಬೆಯಲ್ಲಿ ಕೂತು ಕೂತು ಅಂಗಿ ಮೈಗೆ ಅಂಟಿಕೊಂಡಿರುತ್ತಿತ್ತು. ಸೊಂಟ ಹಿಡಿದುಕೊಂಡು ಏಳುತ್ತಿದ್ದರು.

ಅವರಿಗೆ ರಕ್ತದೊತ್ತಡ ಹಲವು ವರ್ಷಗಳಿಂದ ಇತ್ತು. ಮೊದಲು ಒಂದು ಮಾತ್ರೆ, ಆಮೇಲೆ ಎರಡು. ಯಾವುದಕ್ಕೂ ಅದು ಇಳಿಯಲಿಲ್ಲ. ಆ ಚಳಿಗಾಲದಲ್ಲಿ ಒಂದು ದಿನ ಬೇಸಿನ್ ಮುಂದೆ ಕೂತಿದ್ದವರ ಮೂಗಿನಿಂದ ರಕ್ತ ಸುರಿದು ನೀರೆಲ್ಲ ಕೆಂಪಾಯಿತು. ಬೇಯುತ್ತಿದ್ದ ಗೂಡನ್ನು ಚೆಲ್ಲಬೇಕಾಯಿತು. ಅವತ್ತು ಅವರನ್ನು ಚಿಕ್ಕಬಳ್ಳಾಪುರದ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ವಯಸ್ಸಾದ ಡಾಕ್ಟರು. ತೋಳಿಗೆ ಪಟ್ಟಿ ಕಟ್ಟಿ, ಪಾದರಸ ಏರಿದ್ದನ್ನು ನೋಡಿ, ಇನ್ನೊಂದು ತೋಳಿಗೂ ಕಟ್ಟಿ ನೋಡಿದರು.

"ಒಂದಕ್ಕೆ ಬಗ್ಗಲಿಲ್ಲ, ಎರಡಕ್ಕೂ ಬಗ್ಗಲಿಲ್ಲ. ಭಾಳ ಹಠಮಾರಿ ಬಿಪಿ ನಿಮ್ದು, ಸಾಬ್ರೆ."

"ನಮ್ಮ ಮನೇಲಿ ಎಲ್ರೂ ಹಂಗೇ ಡಾಕ್ಟ್ರೇ," ಎಂದರು ನಿಮ್ಮ ದಾದಾ.

ಡಾಕ್ಟರು ನಕ್ಕು ಮೂರು ಮಾತ್ರೆ ಬರೆದರು. ಒಂದು, ಮೈಯಲ್ಲಿ ಹೆಚ್ಚಾದ ಉಪ್ಪು ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ನೀರಿನ ಮಾತ್ರೆ. ಇನ್ನೊಂದು, ಎದೆಬಡಿತದ ಓಟ ತಗ್ಗಿಸುವುದು. ಮೂರನೆಯದು ಆಗ ಹೊಸದಾಗಿ ಬಂದಿತ್ತು, ರಕ್ತನಾಳವನ್ನು ಸಡಿಲ ಮಾಡುವುದು. "ಮೂರೂ ಸೇರಿದ್ರೆ ಬಗ್ಗತ್ತೆ. ಆದ್ರೆ ಮೂರೂ ಸೇರಿದಾಗ ಕಿಡ್ನಿ ಮೇಲೆ ನಾನು ಕಣ್ಣಿಟ್ಟಿರಬೇಕು. ರಕ್ತ ಪರೀಕ್ಷೆಗೆ ಬರಲಿಲ್ಲ ಅಂದ್ರೆ ಮಾತ್ರೆ ಕೊಡಲ್ಲ, ನೋಡಿ."

ಕೆಲವು ವಾರಗಳಲ್ಲಿ ಒತ್ತಡ ನಿಜಕ್ಕೂ ಇಳಿಯಿತು. ತಲೆನೋವು ಹೋಯಿತು. ಆದರೆ ರಕ್ತದಲ್ಲಿ ಕ್ರಿಯಾಟಿನೈನ್ ಎನ್ನುವುದು ಮೊದಲಿಗಿಂತ ಸ್ವಲ್ಪ ಏರಿತ್ತು. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ ಅದು. ಏರಿದರೆ ಸೋಸುವುದು ನಿಧಾನವಾಗಿದೆ ಎಂದು ಅರ್ಥ. ಡಾಕ್ಟರು ಗಾಬರಿಯಾಗಲಿಲ್ಲ. "ಇಷ್ಟು ದಿನ ಜೋರು ಒತ್ತಡಕ್ಕೆ ಒಗ್ಗಿಕೊಂಡಿದ್ದ ಕಿಡ್ನಿ. ಒತ್ತಡ ಇಳಿದಾಗ ಸ್ವಲ್ಪ ಹೀಗಾಗತ್ತೆ. ಇಷ್ಟಕ್ಕೇ ನಿಂತ್ರೆ ಒಳ್ಳೇದೇ. ಇನ್ನೂ ಏರ್ತಾ ಹೋದ್ರೆ ಮಾತ್ರ ಯೋಚನೆ ಮಾಡಣ. ಮುಂದಿನ ತಿಂಗಳು ಮತ್ತೆ ಬನ್ನಿ," ಎಂದರು.

ಮುಂದಿನ ತಿಂಗಳೆಂದರೆ ರಂಜಾನ್.

ಆ ವರ್ಷ ಯುಗಾದಿ ಮತ್ತು ರಂಜಾನ್ ಬೆನ್ನಿಗೆ ಬೆನ್ನು ಹಚ್ಚಿಕೊಂಡು ಬಂದಿದ್ದವು. ಹಬ್ಬದ ಮಾರನೆಯ ಸಂಜೆ ಎದುರು ಬೀದಿಯವರು ಯುಗಾದಿ ಚಂದ್ರನನ್ನು ನೋಡಲು ತಮ್ಮ ಮಾಳಿಗೆ ಏರಿದರು, ನಾವು ರೋಜಾದ ಚಾಂದ್ ನೋಡಲು ನಮ್ಮ ಮಾಳಿಗೆ ಏರಿದೆವು. ಮೊದಲು ಕಂಡವರು ಅವರೇ. "ಅಲ್ಲಿ, ಹುಣಸೆಮರದ ಮೇಲೆ ನೋಡ್ರಿ," ಎಂದು ಕೈ ಮಾಡಿ ತೋರಿಸಿದರು. ಕಂಡದ್ದು ಒಂದೇ ಚಂದ್ರ, ಅವರಿಗೆ ಒಬ್ಬಟ್ಟು, ನಮಗೆ ಉಪವಾಸ ಎಂದು ನಿಮ್ಮ ದಾದಾ ನಗೆಯಾಡಿದರು.

ಅವರಿಗೆ ರಂಜಾನ್ ಎಂದರೆ ಬೇರೆಯವರಿಗಿಂತ ಒಂದು ತೂಕ ಹೆಚ್ಚು. ನಮ್ಮ ಗಲ್ಲಿಯವರನ್ನು ನಸುಕಿಗೂ ಮುಂಚಿನ ಸಹರಿಯ ಊಟಕ್ಕೆ ಎಬ್ಬಿಸುವ ಕೆಲಸ ಅವರದ್ದು. ಯಾರೂ ನೇಮಿಸಿದ್ದಲ್ಲ, ಹುಡುಗರಾಗಿದ್ದಾಗಿನಿಂದ ತಾವೇ ಹಿಡಿದುಕೊಂಡದ್ದು. ಬಾಗಿಲು ಬಾಗಿಲಿಗೂ ಹೋಗಿ, ಹೆಸರು ಹಿಡಿದು ಕರೆದು, ಒಳಗಿಂದ ಓಗೊಡುವ ತನಕ ಬಿಡುತ್ತಿರಲಿಲ್ಲ. ನಿದ್ದೆಗೆಟ್ಟವರು ಬೈದರೆ ಅದಕ್ಕೂ ದುವಾ ಹೇಳಿ ಮುಂದೆ ಹೋಗುತ್ತಿದ್ದರು.

ಡಾಕ್ಟರು ಮಾತ್ರೆಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಹಂಚಿದ್ದರು. ರೋಜಾದಲ್ಲಿ ಹಗಲು ಏನೂ ಬಾಯಿಗೆ ಹಾಕುವಂತಿಲ್ಲವಲ್ಲ. ಅದಕ್ಕೆ ಅವರು ಎಲ್ಲವನ್ನೂ ಒಟ್ಟಿಗೆ ಸಹರಿಯಲ್ಲೇ ನುಂಗತೊಡಗಿದರು. "ಒಂದೇ ದಿನದ್ದು ತಾನೇ, ಹೊಟ್ಟೆಗೆ ಹೋದ್ಮೇಲೆ ಅವೇ ಹಂಚಿಕೊಳ್ತಾವೆ," ಎಂದರು. ನೀರಿನ ಮಾತ್ರೆ ಬೆಳಗಾಗುವುದರೊಳಗೆ ಮೈಯ ನೀರನ್ನೆಲ್ಲ ಹೊರಗೆ ಹಾಕುತ್ತಿತ್ತು. ಆಮೇಲೆ ಆ ಬಿಸಿಲಲ್ಲಿ, ಬೇಸಿನ್ ಹಬೆಯಲ್ಲಿ, ಒಂದು ಹನಿ ಕುಡಿಯದೆ ಸಂಜೆಯವರೆಗೆ ಬೆವರು. ಸೊಂಟನೋವು ಜೋರಾದರೆ ಸಂಜೆ ಉಪವಾಸ ಬಿಡುವ ಇಫ್ತಾರ್ ಆದೊಡನೆ ಗಲ್ಲಿ ಮೂಲೆಯ ಅಂಗಡಿಯಿಂದ ನೋವಿನ ಮಾತ್ರೆ. ನಮ್ಮ ಕಡೆ ನೂಲು ಬಿಚ್ಚುವವರೆಲ್ಲ ಅದನ್ನು ಕಡಲೆಪುರಿಯ ಹಾಗೆ ತಿನ್ನುತ್ತಿದ್ದರು. ಅದನ್ನು ಯಾರೂ ಔಷಧಿ ಎಂದು ಎಣಿಸುತ್ತಿರಲಿಲ್ಲ.

ಮೊದಲ ವಾರ ಹೇಗೋ ಕಳೆಯಿತು. ಎರಡನೆಯ ವಾರ ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದರು. ಇಫ್ತಾರ್‌ನಲ್ಲಿ ತಿಂದದ್ದು ವಾಂತಿಯಾಯಿತು. ಕಾಲು ಸೆಳೆತ. ಬರೆಯಲು ಸಂಕೋಚ, ಆದರೂ ಇದು ಮುಖ್ಯ. ಅವರು ದಿನವಿಡೀ ಹಿತ್ತಲಿಗೆ ಹೋಗುವುದೇ ನಿಂತುಹೋಯಿತು. ಹೋದರೂ ಕೂಡಲೇ ವಾಪಸು ಬರುತ್ತಿದ್ದರು. "ಕುಡಿದ್ರೆ ತಾನೇ ಹೋಗೋದು," ಎಂದು ಹೇಳಿದರು. ರಕ್ತ ಪರೀಕ್ಷೆಯ ದಿನ ಬಂತೆಂದು ನೆನಪಿಸಿದೆ.

"ಈದ್ ಆದ್ಮೇಲೆ ಹೋಗಣ."

"ಇವತ್ತು ಹೋಗಣ," ಎಂದೆ. ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತುಬಿಟ್ಟೆ. ನಾನು ಹಾಗೆಲ್ಲ ನಿಲ್ಲುವವಳಲ್ಲ. ಅದನ್ನು ನೋಡಿಯೇ ಅವರು ಚಪ್ಪಲಿ ಮೆಟ್ಟಿದರು.

ಸಣ್ಣ ರೈಲಿಗೆ ಕಾದರೆ ಮಧ್ಯಾಹ್ನವಾಗುತ್ತದೆಂದು ಬಸ್ಸಿನಲ್ಲೇ ಹೋದೆವು. ಯಾವಾಗಲೂ ನಾನು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ, ಅವರು ಒಳಗೆ ಹೋಗುತ್ತಿದ್ದರು. ಅವತ್ತು ಅವರಿಗೆ ಒಬ್ಬರೇ ನಡೆಯಲಾಗುತ್ತಿರಲಿಲ್ಲ, ತೋಳು ಹಿಡಿದು ನಾನೂ ಒಳಗೆ ಹೋದೆ. ಡಾಕ್ಟರು ನಾಲಗೆ ನೋಡಿದರು, ಕೈಯ ಚರ್ಮವನ್ನು ಹಿಡಿದೆತ್ತಿ ಬಿಟ್ಟು ನೋಡಿದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ರಕ್ತ ತೆಗೆಸಿದರು.

"ಮಾತ್ರೆ ಹೇಳಿದ ಹಾಗೇ ತಗೋತಿದೀರಾ?"

"ಒಂದೂ ತಪ್ಪಿಸಿಲ್ಲ," ಎಂದರು ಇವರು. ಅದು ಸುಳ್ಳೂ ಆಗಿರಲಿಲ್ಲ.

ಡಾಕ್ಟರು ಬರೆಯಲು ಪೆನ್ನು ತೆಗೆದರು. ನಾನು ನೆಲ ನೋಡುತ್ತಲೇ ಹೇಳಿದೆ. "ಎಲ್ಲಾನೂ ಒಟ್ಟಿಗೆ ಸಹರೀಲಿ ತಗೋತಾರೆ. ಹಗಲೆಲ್ಲ ನೀರಿಲ್ಲ, ಬೇಸಿನ್ ಮುಂದೆ ಕೂರ್ತಾರೆ. ಅಂಗಡಿಯಿಂದ ಸೊಂಟನೋವಿನ ಮಾತ್ರೆ ತಗೋತಾರೆ, ದಿನಾ."

ಪೆನ್ನು ಕೆಳಗಿಟ್ಟರು. ರಕ್ತದ ವರದಿ ಬಂದಾಗ ಕ್ರಿಯಾಟಿನೈನ್ ಈ ಸಲ ಬಹಳ ಏರಿತ್ತು. ಡಾಕ್ಟರು ಬೈಯಲಿಲ್ಲ. ನನಗೇ ಅರ್ಥವಾಗುವ ಹಾಗೆ, ನನ್ನ ಕಡೆ ತಿರುಗಿ ಹೇಳಿದರು.

"ನೋಡಮ್ಮ, ಮೈ ಒಂದು ಕೆರೆ ಅಂದುಕೋ. ಕಿಡ್ನಿ ಅದರ ತೂಬು. ಕೆರೆ ತುಂಬಿ ಏರಿ ಒಡೆಯೋ ಹಾಗಿದ್ದಾಗ ನನ್ನ ಹೊಸ ಮಾತ್ರೆ ತೂಬನ್ನ ಸಡಿಲ ಮಾಡತ್ತೆ, ಏರಿ ಉಳಿಯತ್ತೆ. ಆದ್ರೆ ಕೆರೆ ಒಣಗಿದ್ದಾಗಲೂ ತೂಬು ಸಡಿಲವಾಗೇ ಇದ್ರೆ? ನೀರಿಗೆ ತಳ್ಳೋ ಶಕ್ತಿ ಎಲ್ಲಿಂದ ಬರಬೇಕು? ನೀರಿನ ಮಾತ್ರೆ, ಬಿಸಿಲು, ಉಪವಾಸ ಸೇರಿ ಕೆರೆ ಒಣಗಿಸಿವೆ. ಆ ನೋವಿನ ಮಾತ್ರೆ ಮೇಲಿಂದ ಬರೋ ಕಾಲುವೆನೂ ಮುಚ್ಚಿದೆ."

"ಹಾಗಾದ್ರೆ ಕಿಡ್ನಿ ಹೋಯ್ತಾ?" ಎಂದು ಇವರು ಕೇಳಿದರು.

"ಹೋಗಿಲ್ಲ. ಈಗ ಮಾತು ಕೇಳಿದ್ರೆ ಹೋಗೋದಿಲ್ಲ. ನೋವಿನ ಮಾತ್ರೆ ಇವತ್ತಿಗೆ ಮುಗೀತು, ಜನ್ಮದಲ್ಲಿ ಮುಟ್ಟಬೇಡಿ. ನೀರಿನ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಸದ್ಯಕ್ಕೆ ನಾನೇ ನಿಲ್ಲಿಸ್ತೀನಿ. ಎದೆಬಡಿತದ್ದು ನಿಲ್ಲಿಸಬೇಡಿ, ತಟ್ಟನೆ ಬಿಟ್ರೆ ಒತ್ತಡ ಎಗರತ್ತೆ. ಹಗಲೂ ನೀರು ಕುಡೀಬೇಕು. ಕಿಡ್ನಿ ಚೇತರಿಸಿಕೊಂಡ ಮೇಲೆ ಎರಡನ್ನೂ ಸ್ವಲ್ಪಸ್ವಲ್ಪವಾಗಿ ಮತ್ತೆ ಶುರು ಮಾಡ್ತೀನಿ."

"ಮತ್ತೆ ಅವನ್ನೇ?"

"ಅವನ್ನೇ. ಆ ಒತ್ತಡ ಹಾಗೇ ಬಿಟ್ರೆ ಕಿಡ್ನಿನ ಅದೇ ತಿನ್ನತ್ತೆ, ಸಾಬ್ರೆ."

ಸಂಜೆಯವರೆಗೆ ಮಲಗಿಸಿ ಬಾಟಲಿಯಲ್ಲಿ ನೀರು ಏರಿಸಿದರು. ಸೂಜಿ ಚುಚ್ಚುವಾಗ ನಿಮ್ಮ ದಾದಾ ಗೋಡೆಯ ಕಡೆ ಮುಖ ಮಾಡಿಕೊಂಡರು. ರೋಜಾ ಹೋಯಿತಲ್ಲ ಎಂದು.

ಮರುದಿನ ಬೆಳಿಗ್ಗೆ ಅವರ ಅಣ್ಣ ಬಂದರು. ನಾನು ಅವರನ್ನು ಭಾಯ್ ಸಾಬ್ ಎನ್ನುತ್ತಿದ್ದೆ, ಅದೂ ಮನಸ್ಸಿನಲ್ಲೇ. ಎದುರಿಗೆ ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುವುದೇ ರೂಢಿ. ಒಳ್ಳೆಯವರು. ತಮ್ಮನೆಂದರೆ ಪ್ರಾಣ. ಅಂಥವರ ಮಾತೇ ಹೆಚ್ಚು ಅಪಾಯ.

"ನಾನು ಅವತ್ತೇ ಹೇಳಲಿಲ್ವೇನೋ? ಮೊದಲ್ನೇ ಪರೀಕ್ಷೆಯಲ್ಲೇ ಏರಿತ್ತು. ಮಾತ್ರೆ ಸುಡ್ತಾ ಐತೆ ಕಣೋ ಒಳಗೆ. ಎಲ್ಲಾ ಎಸಿ. ನಮ್ಮ ಅಬ್ಬಾ ಯಾವ ಮಾತ್ರೆ ತಿಂದಿದ್ರು?"

"ನಿಮ್ಮ ಅಬ್ಬಾ ನಲವತ್ತು ತುಂಬೋಕೆ ಮುಂಚೆ ಕುಸಿದು ಬಿದ್ದು ಹೋದ್ರು," ಎಂದರು ಅಮ್ಮಿ, ನನ್ನ ಅತ್ತೆ, ಮೂಲೆಯಲ್ಲಿ ತಸ್ಬಿಯ ಜಪಮಣಿ ಎಣಿಸುತ್ತಾ. "ಮಾತ್ರೆ ಇದ್ದಿದ್ರೆ ತಿಂತಿದ್ರೋ ಏನೋ."

"ಅಮ್ಮಿ, ನೀನು ಸುಮ್ಕಿರು. ಮುರುಗಮಲ್ಲದ ದರ್ಗಾಕ್ಕೆ ಕರ್ಕೊಂಡು ಹೋಗಣ. ಮಾತ್ರೆ ಬಿಟ್ಟು ಬರಣ."

ಆ ದರ್ಗಾದ ಮಗ್ಗುಲಲ್ಲೇ ಬೆಳೆದವಳು ನಾನು. ಅಲ್ಲಿ ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂದು ನನಗೂ ಸ್ವಲ್ಪ ಗೊತ್ತು. ಅಣ್ಣ ಹೋದ ಮೇಲೆ ಇವರಿಗೆ ಹೇಳಿದೆ. "ದರ್ಗಾಕ್ಕೂ ಹೋಗಣ, ಮಾತ್ರೆನೂ ತಗೊಳ್ಳಣ. ಎರಡಕ್ಕೂ ಜಗಳ ಇಲ್ಲ."

ಅವರು ಚಾಪೆಯಲ್ಲಿ ಅಂಗಾತ ಮಲಗಿದ್ದರು. "ಬಿಡೋದಾದ್ರೆ ಮಾತ್ರೆ ಬಿಡ್ತೀನಿ. ರೋಜಾ ಬಿಡಲ್ಲ. ಇಡೀ ಗಲ್ಲೀನ ರೋಜಾಕ್ಕೆ ಎಬ್ಬಿಸೋನು ನಾನು. ನಾನೇ ಹಗಲು ನೀರು ಕುಡಿದ್ರೆ ಯಾರ ಬಾಗಿಲು ತಟ್ಟಲಿ?"

"ಕಾಯಿಲೆಯವರಿಗೆ ಬಿಡುವು ಉಂಟು. ಮಸೀದಿ ಹಜ್ರತ್ ಪ್ರತಿ ವರ್ಷ ಹೇಳ್ತಾರಲ್ಲ, ಒಂದು ರೋಜಾಕ್ಕೆ ಒಬ್ಬ ಬಡವನಿಗೆ ಊಟ ಹಾಕಿ ಅಂತ."

"ಅದು ಹಾಸಿಗೆ ಹಿಡಿದವರಿಗೆ. ನಾನು ನಡೀತಿದೀನಿ. ಜನ ನೋಡ್ತಾರೆ."

ಆಗ ನಾನು ಮಾತಾಡಿದ್ದನ್ನು ನೀವು ಹೆಣ್ಣುಮಕ್ಕಳು ಓದಿ ನಗಬಹುದು, ಗಂಡುಮಕ್ಕಳು ತಲೆ ತಗ್ಗಿಸಬೇಡಿ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಆ ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ.

"ಹೋದ ರಂಜಾನ್‌ನಲ್ಲಿ ನಾನೂ ರೋಜಾ ಬಿಟ್ಟಿದ್ದೆ. ಗೊತ್ತಾ ನಿಮಗೆ?"

ಅವರು ತಲೆ ಎತ್ತಿದರು. "ನೀನಾ? ಯಾವಾಗ?"

"ಪ್ರತಿ ವರ್ಷ ಬಿಡ್ತೀನಿ. ಅಮ್ಮಿನೂ ಆ ವಯಸ್ಸಿನಲ್ಲಿ ಬಿಟ್ಟವರೇ. ನಿಮ್ಮ ಅತ್ತಿಗೆ ಬಿಡ್ತಾರೆ. ಈ ಗಲ್ಲೀಲಿರೋ ಎಲ್ಲ ಹೆಂಗಸ್ರೂ ಬಿಡ್ತಾರೆ. ತಿಂಗಳ ದಿನಗಳಲ್ಲಿ."

ಅವರ ಕಣ್ಣು ಸೂರಿನ ಕಡೆ ಹೋಯಿತು. "ಅದು... ಕಿತಾಬಿನಲ್ಲಿ ಓದಿದೀನಿ."

"ಕಿತಾಬಿನಲ್ಲಿ ಓದಿದೀರಿ. ಮನೇಲಿ ಯಾವತ್ತಾದ್ರೂ ನೋಡಿದೀರಾ?"

"ಇಲ್ಲ."

"ಸಹರಿಗೆ ನಿಮ್ಮ ಜೊತೆಗೇ ಎದ್ದು ಕೂರ್ತೀವಿ. ಇಫ್ತಾರ್‌ಗೆ ನಿಮ್ಮ ಜೊತೆಗೇ ಖರ್ಜೂರ ಬಾಯಿಗಿಡ್ತೀವಿ. ನಡುವೆ ಅಡುಗೆಮನೆ ಬಾಗಿಲ ಹಿಂದೆ ರೊಟ್ಟಿ ತಿಂತೀವಿ, ನೀರು ಕುಡೀತೀವಿ. ಅದು ಪಾಪ ಆಗಿದ್ರೆ ಈ ಊರಲ್ಲಿ ಒಬ್ಬ ಹೆಂಗಸಾದ್ರೂ ಸ್ವರ್ಗ ನೋಡ್ತಾಳಾ? ನಮಗೆ ಬಿಡು ಅಂದವನೇ ಕಾಯಿಲೆಯವರಿಗೂ ಬಿಡು ಅಂದಿರೋದು. ನಾವು ಕೇಳ್ಕೊಂಡು ಬಿಡ್ತೀವಿ. ನೀವು ಗಂಡಸ್ರು ಅವನಿಗಿಂತ ದೊಡ್ಡವರಾ?"

ಅವರು ಮಗ್ಗುಲು ಹೊರಳಿದರು. ನಾನು ಅಲ್ಲಿಂದ ಏಳಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದೆ. ಅವರು ಇವತ್ತು ನೀರು ಕುಡಿಯದಿದ್ದರೆ ನಾಳೆ ಕುಡಿದೂ ಪ್ರಯೋಜನವಿಲ್ಲದಂತೆ ಆಗಬಹುದು ಎಂದು ನನಗೆ ಕಾಣುತ್ತಿತ್ತು.

ಕೊನೆಗೆ ಅಡುಗೆಮನೆಯಿಂದ ಅಮ್ಮಿಯ ದನಿ ಬಂತು. ಎಲ್ಲ ಕೇಳಿಸಿಕೊಂಡಿದ್ದರು. "ಒಳಗೆ ಬಾರಪ್ಪ. ಬಾಗಿಲ ಹಿಂದೆ ಜಾಗ ಐತೆ. ನಿಮ್ಮ ಅಬ್ಬಾಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ, ಇವಳಿಗೆ ಬಂತು."

ನಿಮ್ಮ ದಾದಾ ಎದ್ದು, ತಲೆ ಬಗ್ಗಿಸಿಕೊಂಡು, ಅಡುಗೆಮನೆಯ ಬಾಗಿಲ ಹಿಂದೆ ಮಣೆಯ ಮೇಲೆ ಕೂತರು. ಕೊಟ್ಟ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಬಿಸ್ಮಿಲ್ಲಾ ಎಂದು, ನಿಧಾನವಾಗಿ ಕುಡಿದರು. ಇನ್ನೊಂದು ಲೋಟ ಕೊಟ್ಟೆ. ಅದನ್ನೂ ಕುಡಿದರು.

ಆ ರಂಜಾನ್‌ನ ಉಳಿದ ಹಗಲುಗಳು ಹಾಗೆ ಕಳೆದವು. ಸ್ವಲ್ಪ ಸ್ವಲ್ಪ ಹೊತ್ತಿಗೆ ಅವರು ಏನೋ ಹುಡುಕುವವರ ಹಾಗೆ ಅಡುಗೆಮನೆಗೆ ಬರುವುದು, ಅಮ್ಮಿ ಬಾಗಿಲು ಮುಂದೆ ಮಾಡುವುದು. ಹೆಂಗಸರ ವಿದ್ಯೆಯನ್ನೆಲ್ಲ ಅಮ್ಮಿ ಅವರಿಗೆ ಕಲಿಸಿದರು. "ಮೀಸೆ ಒರೆಸ್ಕೋ. ನಮಗೆ ಆ ಕಷ್ಟ ಇರಲಿಲ್ಲ. ಹೊರಗೆ ಹೋದ ತಕ್ಷಣ ತೇಗಬೇಡ. ಒಂದು ಸಲ ಅಯ್ಯೋ ಅಲ್ಲಾಹ್ ಎಷ್ಟು ಬಿಸಿಲು ಅನ್ನು, ಯಾರೂ ಅನುಮಾನ ಪಡಲ್ಲ." ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಬೇಸಿನ್ ಮುಂದೆ ಮಾತ್ರ ಕೂರಲು ನಾನು ಬಿಡಲಿಲ್ಲ, ಆ ಜಾಗದಲ್ಲಿ ನಾನೇ ಕೂತೆ. ಚಿಂತಾಮಣಿಯಿಂದ ಅವರ ಅಕ್ಕ, ತಮ್ಮನಿಗೆ ಉಷ್ಣವಾಗಿದೆ ಎಂದು ಎಳನೀರು, ಖರ್ಜೂರ ಕಳಿಸಿಕೊಟ್ಟರು. ಕಿಡ್ನಿ ಸುಧಾರಿಸುವ ತನಕ ಅವೆರಡೂ ಹೆಚ್ಚು ಬೇಡ, ಅವುಗಳಲ್ಲಿರುವ ಒಂದು ಉಪ್ಪು ರಕ್ತದಲ್ಲಿ ನಿಂತುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಳನೀರನ್ನು ಕೆಲಸದವರು ಇಫ್ತಾರ್‌ಗೆ ಕುಡಿದರು.

ಮುಂದಿನ ವಾರದ ಪರೀಕ್ಷೆಯಲ್ಲಿ ಇಳಿದಿತ್ತು. ಅದರ ಮುಂದಿನದರಲ್ಲಿ ಇನ್ನೂ ಇಳಿಯಿತು, ಆದರೆ ಒತ್ತಡ ಮತ್ತೆ ಏರತೊಡಗಿತ್ತು. ಡಾಕ್ಟರು ಹೊಸ ಮಾತ್ರೆಯನ್ನು ಅರ್ಧ ಮಾಡಿ ಶುರು ಮಾಡಿದರು, ಆಮೇಲೆ ನೀರಿನ ಮಾತ್ರೆ. ಪ್ರತಿ ಸಲವೂ ರಕ್ತ ನೋಡಿಯೇ ಮುಂದಕ್ಕೆ ಹೆಜ್ಜೆ. ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ದಾದಾ ಆ ಮೂರು ಮಾತ್ರೆಗಳನ್ನು ಬದುಕಿರುವವರೆಗೂ ನುಂಗಿದರು. ಭೇದಿ, ವಾಂತಿ, ಜ್ವರ ಬಂದು ಮೈ ಒಣಗಿದ ದಿನ ಡಾಕ್ಟರನ್ನು ಕೇಳಿ ಎರಡನ್ನು ತಡೆಯುತ್ತಿದ್ದರು, ಸರಿಹೋದ ಮೇಲೆ ಕೇಳಿ ಮತ್ತೆ ಶುರು ಮಾಡುತ್ತಿದ್ದರು. ಅವರನ್ನು ಕೊನೆಗೆ ಕರೆದುಕೊಂಡು ಹೋದದ್ದು ಮುಪ್ಪಿನ ಕೆಮ್ಮು. ಕಿಡ್ನಿ ಕೊನೆಯ ದಿನದವರೆಗೂ ತನ್ನ ಕೆಲಸ ಮಾಡಿತು.

ಆದರೆ ಆ ರಂಜಾನ್ ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಗುಟ್ಟು ಬಾಗಿಲ ಹಿಂದೆ ಇದ್ದಂತೆ, ಬಾಗಿಲ ಮುಂದೆ ಬೇರೊಂದು ಕಥೆ ಬೆಳೆಯುತ್ತಿತ್ತು.

ಈದ್‌ನ ಬೆಳಿಗ್ಗೆ, ನಮಾಜು ಮುಗಿಸಿ ಗಂಡಸರು ನಮ್ಮ ನಡುಮನೆಯಲ್ಲಿ ಸೇರಿದ್ದರು. ನಾನು ಅಡುಗೆಮನೆಯ ಪರದೆಯ ಹಿಂದೆ ಶಾವಿಗೆ ಖೀರನ್ನು ಬಟ್ಟಲುಗಳಿಗೆ ಬಡಿಸುತ್ತಿದ್ದೆ. ಭಾಯ್ ಸಾಬ್ ಎಲ್ಲರಿಗೂ ಅತ್ತರು ಹಚ್ಚುತ್ತಾ ಹೇಳತೊಡಗಿದರು.

"ನೋಡ್ರಪ್ಪ ನನ್ನ ತಮ್ಮನ್ನ. ಕಿಡ್ನಿ ಹೋಯ್ತು ಅಂದ್ರು. ನಾನು ಹೇಳ್ದೆ, ಮಾತ್ರೆ ಎಸಿ ಅಂತ. ಎಸೆದ. ಒಂದು ರೋಜಾ ಬಿಡಲಿಲ್ಲ. ಹೇಗೆ ಕೂತವ್ನೆ ನೋಡಿ, ಮದುಮಗನ ಹಾಗೆ. ಇದು ರೋಜಾದ ಬರಕತ್ತು."

ಎಲ್ಲರೂ ಮಾಷಾ ಅಲ್ಲಾಹ್ ಎಂದರು. ಅವರಲ್ಲಿ ಚಾಂದ್ ಪಾಷಾ ಇದ್ದರು. ಪಕ್ಕದ ಗಲ್ಲಿಯವರು, ಇವರ ಬಾಲ್ಯದ ಗೆಳೆಯರು, ಅದೇ ಡಾಕ್ಟರ ಬಳಿ ಬಿಪಿಗೆ ತೋರಿಸುತ್ತಿದ್ದವರು.

"ನಿಮ್ಮ ಮಾತು ಕೇಳಿ ನಾನೂ ಬಿಟ್ಟೆ ಭಾಯ್," ಎಂದರು ಅವರು. "ಡಬ್ಬಿ ಸಮೇತ ಮೋರಿಗೆ ಹಾಕ್ದೆ. ಆಗ್ಲೇ ಕೆಲವು ದಿನ ಆಯ್ತು. ತಲೆ ಒಂದು ಸ್ವಲ್ಪ ಭಾರ, ಕತ್ತಿನ ಹಿಂದೆ ಹಿಡ್ಕೊಂಡ ಹಾಗೆ. ಬೇರೇನಿಲ್ಲ."

ಪರದೆಯ ಸಂದಿಯಿಂದ ನೋಡಿದೆ. ನಿಮ್ಮ ದಾದಾನ ಮುಖ ಬಿಳಿಚಿಕೊಂಡಿತ್ತು. ಮಸೀದಿಯ ಹಿರಿಯರೆಲ್ಲ ಎದುರಿಗಿದ್ದರು. ಅವರಿಗೆ ನಿಜ ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಆದರೆ ಚಾಂದ್ ಪಾಷಾ ಮತ್ತೆ ಕತ್ತಿನ ಹಿಂದೆ ಕೈಯಿಟ್ಟು ಒತ್ತಿಕೊಂಡರು.

"ಇಲ್ಲ ಭಾಯ್ ಸಾಬ್," ಎಂದೆ.

ಎಲ್ಲರ ತಲೆಯೂ ಪರದೆಯ ಕಡೆ ತಿರುಗಿತು.

"ಯಾರದು ಮಾತಾಡಿದ್ದು?" ಎಂದರು ಭಾಯ್ ಸಾಬ್.

"ನಿನ್ನ ತಮ್ಮನ ಹೆಂಡ್ತಿ," ಎಂದರು ಅಮ್ಮಿ. "ಇಷ್ಟು ವರ್ಷ ಅವಳ ಕೈಯಡುಗೆ ತಿಂದಿದೀಯ. ದನಿ ಇವತ್ತು ಕೇಳಿಸ್ಕೋ."

"ಮಾತ್ರೆ ಬಿಟ್ಟಿಲ್ಲ ಭಾಯ್ ಸಾಬ್," ಎಂದೆ. "ಎರಡನ್ನ ಡಾಕ್ಟ್ರು ನಿಲ್ಲಿಸಿದ್ರು, ಅವರೇ ಮತ್ತೆ ಶುರು ಮಾಡ್ತಿದಾರೆ. ಒಣಗಿದ ಮೈಮೇಲೆ ಮಾತ್ರೆ ಬಿತ್ತು, ಅದಕ್ಕೆ ಕಿಡ್ನಿ ಕೈಕೊಟ್ಟಿದ್ದು. ಮಾತ್ರೆ ಎಸೆದಿದ್ದಕ್ಕೆ ವಾಸಿಯಾಗಿದ್ದಲ್ಲ. ನೀರು ಕುಡಿದಿದ್ದಕ್ಕೆ."

"ನೀರಾ? ಯಾವಾಗ ಕುಡಿದ?"

ಮುಂದಿನದು ನಾನು ಹೇಳಬಹುದಾದದ್ದಲ್ಲ. ನಿಮ್ಮ ದಾದಾ ಬಟ್ಟಲನ್ನು ಕೆಳಗಿಟ್ಟರು.

"ಹಗಲು ಕುಡಿದೆ ಭಯ್ಯಾ. ಅಡುಗೆಮನೇಲಿ, ಬಾಗಿಲ ಹಿಂದೆ ಕೂತು. ಆಸ್ಪತ್ರೆಗೆ ಹೋದ ದಿನದಿಂದ ನಾನು ರೋಜಾ ಇಟ್ಟಿಲ್ಲ. ಬಿಟ್ಟ ರೋಜಾಕ್ಕೆಲ್ಲ ಬಡವರಿಗೆ ಊಟ ಹಾಕ್ತೀನಿ."

"ಮತ್ತೆ ಸಹರಿಗೆ ನಮ್ಮನ್ನೆಲ್ಲ ಎಬ್ಬಿಸ್ತಾ ಇದ್ದೆ?"

"ನಿಮಗೆ ರೋಜಾ ಇತ್ತಲ್ಲ. ಎಬ್ಬಿಸ್ದೆ."

ಹಿರಿಯರಲ್ಲೊಬ್ಬರಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ಭಾಯ್ ಸಾಬ್ ಅತ್ತರಿನ ಸೀಸೆ ಹಿಡಿದು ಹಾಗೇ ನಿಂತಿದ್ದರು. "ಹಾಗಾದ್ರೆ ನಾನು ಊರೆಲ್ಲ ನಿನ್ನ ಹೊಗಳ್ಕೊಂಡು ಬಂದೆನಲ್ಲೋ?"

"ಅದನ್ನ ವಾಪಸ್ ತಗೋ ಭಯ್ಯಾ. ಮಾತ್ರೆ ಮಾತ್ರ ವಾಪಸ್ ಕೊಡಲ್ಲ."

ಚಾಂದ್ ಪಾಷಾ ಯಾರ ಕಡೆಯೂ ನೋಡಲಿಲ್ಲ. ಎದ್ದು ಪರದೆಯ ಹತ್ತಿರ ಬಂದು, ಮುಖ ಆಚೆ ತಿರುಗಿಸಿಕೊಂಡು, ಮೆಲ್ಲಗೆ ಕೇಳಿದರು. "ಭಾಭಿ, ಈಗ ನಾನೇನು ಮಾಡ್ಲಿ? ಮನೇಲಿ ಒಂದು ಮಾತ್ರೆನೂ ಇಲ್ಲ."

"ಈಗ್ಲೇ ಚಿಕ್ಕಬಳ್ಳಾಪುರಕ್ಕೆ ಹೋಗಿ. ಡಾಕ್ಟ್ರಿಗೆ ಇವತ್ತು ಹಬ್ಬ ಇಲ್ಲ. ಏನೇನು ಮಾಡಿದ್ರಿ ಅಂತ ಎಲ್ಲಾ ಹೇಳಿ, ಮುಚ್ಚಿಡಬೇಡಿ."

ನಿಮ್ಮ ದಾದಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ಖೀರು ಬಟ್ಟಲಿನಲ್ಲೇ ಉಳಿಯಿತು. ಗಲ್ಲಿಯ ತುಂಬ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಈದ್ ಮುಬಾರಕ್ ಹೇಳುತ್ತಿದ್ದರು. ಗಂಜಿಯ ಗರಿ ಮುರಿಯದ ಬಿಳಿ ಜುಬ್ಬಾ ತೊಟ್ಟ ಇಬ್ಬರು ಗೆಳೆಯರು ಅವರ ನಡುವೆಯೇ ಬಸ್ ಸ್ಟ್ಯಾಂಡಿನ ಕಡೆ ಬೇಗಬೇಗ ನಡೆದುಹೋದದ್ದನ್ನು ನಾನು ಬಾಗಿಲಿಗೆ ಬಂದು ನಿಂತು ನೋಡಿದೆ.

ಸಂಜೆ ವಾಪಸು ಬಂದಾಗ ಇಬ್ಬರ ತೋಳಿನಲ್ಲೂ, ರಕ್ತ ತೆಗೆದ ಕಡೆ, ಹತ್ತಿ ಅಂಟಿತ್ತು. ಹೇಗೂ ಹೋಗಿದ್ದಾಯಿತು ಎಂದು ಇವರೂ ಕೊಟ್ಟು ಬಂದಿದ್ದರಂತೆ. ಚಾಂದ್ ಪಾಷಾರ ಜೇಬಿನಲ್ಲಿ ಮಾತ್ರೆಯ ಹೊಸ ಡಬ್ಬಿಯಿತ್ತು. ಹೊಸ ಜುಬ್ಬಾದ ತೋಳು ಮಡಚಿಕೊಂಡು ಇಬ್ಬರೂ ನಡುಮನೆಯಲ್ಲಿ ಕೂತರು. ನಾನು ಖೀರನ್ನು ಮತ್ತೆ ಬಿಸಿ ಮಾಡಿ, ಪರದೆ ಸರಿಸಿ, ನನ್ನ ಕೈಯಾರೆ ತಂದುಕೊಟ್ಟೆ.